ಒಡೆದ ಪೆನ್ನು ಕಾರಣ ಹೇಳಿತು

*ಹನ್ನೊಂದು ಇಂಟರ್‌ವ್ಯೂ, ಹನ್ನೊಂದು ಸಲ ‘ತಿಳಿಸ್ತೀವಿ’. ಕಮರ್ಷಿಯಲ್ ಸ್ಟ್ರೀಟ್‌ನ ಬಳೆ ಅಂಗಡಿಯಲ್ಲಿ ನಿಂತಿದ್ದವಳು ಹಿಂದಿನ ಗಲ್ಲಿಯ ಲೇತ್ ಮುಂದೆ ನಿಂತು ಮರದ ಪೆನ್ನು ಕಡೆಯಲು ಕಲಿತ ಕಥೆ.*

ಈಗ ಯಾರ ಕೈಯಲ್ಲೂ ಪೆನ್ನು ಇರುವುದಿಲ್ಲ. ದುಡ್ಡು ಫೋನಿನಲ್ಲಿ, ವಿಳಾಸ ಫೋನಿನಲ್ಲಿ, ಸಹಿ ಕೂಡ ಗಾಜಿನ ಮೇಲೆ ಬೆರಳಿನಲ್ಲಿ. ಅದಕ್ಕೇ ಆ ದಿನ ನಮ್ಮ ಅಂಗಡಿಗೆ ಬಂದ ಆಂಟಿಯೊಬ್ಬರು ಬ್ಯಾಗಿನಿಂದ ಪೆನ್ನು ತೆಗೆದಾಗ ನಾನು ತಿರುಗಿ ನೋಡಿದೆ.

ಅವರ ಮನೆಯಲ್ಲಿ ಮದುವೆ. ಹತ್ತು ಹೆಣ್ಣುಮಕ್ಕಳಿಗೆ ಒಂದೇ ಬಣ್ಣದ ಬಳೆ ಬೇಕಿತ್ತು. ಒಬ್ಬೊಬ್ಬರ ಅಳತೆಯನ್ನೂ, 2.4, 2.6, 2.8 ಎಂದು ಚೀಟಿಯಲ್ಲಿ ಬರೆದುಕೊಟ್ಟು ಅಡ್ವಾನ್ಸ್ ಕೊಟ್ಟು ಹೋದರು. ಪೆನ್ನು ಕೌಂಟರ್ ಮೇಲೇ ಉಳಿಯಿತು. ಕಂದು ಬಣ್ಣದ ಮರ, ಮೇಲೆ ಬೆಂಕಿಯ ನಾಲಿಗೆಯ ಹಾಗೆ ಕಪ್ಪು ಗೆರೆಗಳು, ನಡುವೆ ಒಂದು ಹಿತ್ತಾಳೆ ಬಳೆ. ಕೈಗೆ ತೆಗೆದುಕೊಂಡರೆ ಬೆಚ್ಚಗಿತ್ತು. ಪ್ಲಾಸ್ಟಿಕ್ ಪೆನ್ನು ಹಾಗಿರುವುದಿಲ್ಲ.

ಮರುದಿನ ಬಂದಾಗ ಕೇಳಿದೆ, ‘ಆಂಟಿ, ಇದು ಎಲ್ಲಿ ಸಿಗುತ್ತೆ?’

‘ಸಿಗಲ್ಲ ಕಣಮ್ಮ, ನನ್ನ ತಮ್ಮ ಮಾಡಿದ್ದು. ಲೇತ್‌ನಲ್ಲಿ. ರಿಟೈರ್ ಆದ ಮೇಲೆ ಅದೇ ಹುಚ್ಚು ಅವನಿಗೆ.’

ಪೆನ್ನನ್ನು ಮನುಷ್ಯರು ಮಾಡುತ್ತಾರೆ ಅನ್ನುವುದೇ ಅವತ್ತಿನವರೆಗೆ ನನಗೆ ಹೊಳೆದಿರಲಿಲ್ಲ.

ಖಾಲಿ ಉಳಿದ ಕಾಲಂ

ನಾನು 2023ರಲ್ಲಿ ಬಿ.ಕಾಂ ಮುಗಿಸಿದವಳು. ಮನೆ ಕೆ.ಆರ್. ಪುರ. ಅಪ್ಪ ಆಟೊ ಓಡಿಸುತ್ತಾರೆ. ಅಕೌಂಟ್ಸ್ ಕೆಲಸ ಹುಡುಕುತ್ತಾ, ‘ಸಿಗುವವರೆಗೆ’ ಅಂತ ಈ ಅಂಗಡಿಗೆ ಸೇರಿದೆ. ಆ ‘ಸಿಗುವವರೆಗೆ’ ಒಂದೂವರೆ ವರ್ಷವಾಗಿತ್ತು. ಬೆಳಿಗ್ಗೆ ಟಿನ್ ಫ್ಯಾಕ್ಟರಿ, ಹಲಸೂರು ದಾಟಿ ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಇಳಿದು, ಅಲ್ಲಿಂದ ನಡೆದು ಕಮರ್ಷಿಯಲ್ ಸ್ಟ್ರೀಟ್. ಹನ್ನೊಂದಕ್ಕೆ ಶಟರ್ ಎತ್ತಿದರೆ ರಾತ್ರಿ ಒಂಬತ್ತರವರೆಗೆ ‘ಬನ್ನಿ ಮೇಡಂ, ಒಳಗೆ ತುಂಬಾ ವೆರೈಟಿ ಇದೆ.’

ನನ್ನ ಹತ್ತಿರ ಒಂದು ನೋಟ್‌ಬುಕ್ ಇದೆ. ಹೋದ ಪ್ರತಿ ಇಂಟರ್‌ವ್ಯೂ ಅದರಲ್ಲಿ ಬರೆದಿಟ್ಟಿದ್ದೆ. ನಾಲ್ಕು ಕಾಲಂ: ತಾರೀಕು, ಕಂಪನಿ, ಏನಾಯ್ತು, ಯಾಕೆ. ಹನ್ನೊಂದು ಸಾಲು ತುಂಬಿದ್ದವು. ಮೂರನೇ ಕಾಲಂನಲ್ಲಿ ಹನ್ನೊಂದು ಸಲವೂ ‘ಇಲ್ಲ’. ನಾಲ್ಕನೆಯದು ಮೇಲಿನಿಂದ ಕೆಳಗಿನವರೆಗೆ ಖಾಲಿ. ಯಾಕೆ ತೆಗೆದುಕೊಳ್ಳಲಿಲ್ಲ ಅಂತ ಯಾರೂ ಹೇಳಿರಲಿಲ್ಲ. ‘ತಿಳಿಸ್ತೀವಿ’ ಅಂದವರು ತಿಳಿಸಲಿಲ್ಲ.

ಕೆಲಸ ಸಿಗದೇ ಇರುವುದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಆ ಖಾಲಿ ಕಾಲಂ. ಕಾರಣ ಗೊತ್ತಿಲ್ಲದಾಗ ಮನಸ್ಸು ತಾನೇ ಒಂದು ಕಾರಣ ಹುಟ್ಟಿಸಿಕೊಳ್ಳುತ್ತದೆ. ನನ್ನ ಇಂಗ್ಲಿಷ್ ಇರಬೇಕು. ನನ್ನ ಬಟ್ಟೆ ಇರಬೇಕು. ನಾನು ಓದಿದ ಕಾಲೇಜು ಇರಬೇಕು. ಕೊನೆಗೆ, ನಾನೇ ಸರಿ ಇಲ್ಲ ಅನ್ನುವಲ್ಲಿಗೆ ಬಂದು ನಿಲ್ಲುತ್ತದೆ. ಈ ಪುಟ ಓದುವವರಲ್ಲಿ ಹಲವರಿಗೆ ಇದು ಬಿಡಿಸಿ ಹೇಳಬೇಕಿಲ್ಲ.

ಚಾಚಾ ಮತ್ತು ದುಪಟ್ಟಾ

ನಮ್ಮ ಅಂಗಡಿಯ ಬಳೆ ಸ್ಟ್ಯಾಂಡಿನ ಮರದ ಕೋಲು ಒಂದು ದಿನ ಮುರಿಯಿತು. ‘ಹಿಂದಿನ ಗಲ್ಲಿಯಲ್ಲಿ ಒಬ್ಬರು ಇದ್ದಾರೆ, ಮಾಡಿಸಿಕೊಂಡು ಬಾ’ ಎಂದರು ಓನರ್. ಕಮರ್ಷಿಯಲ್ ಸ್ಟ್ರೀಟ್ ಅಂದರೆ ಎಲ್ಲರಿಗೂ ಗೊತ್ತಿರುವುದು ಮುಂದಿನ ಹೊಳಪು. ಇಬ್ರಾಹಿಂ ಸಾಹೇಬ್ ಸ್ಟ್ರೀಟ್, ಜ್ಯುವೆಲರ್ಸ್ ಸ್ಟ್ರೀಟ್ ಕಡೆಗೆ ನಾಲ್ಕು ಹೆಜ್ಜೆ ಒಳಗೆ ಹೋದರೆ ಬೇರೆಯೇ ಲೋಕ. ಜರಿ ಹೊಲಿಯುವವರು, ಬಟನ್ ಮಾರುವವರು, ಗಿಲೀಟು ಹಾಕುವವರು. ಅಂಥ ಒಂದು ಗಲ್ಲಿಯಲ್ಲಿ, ಎರಡು ಆಟೊ ನಿಲ್ಲಿಸುವಷ್ಟು ಜಾಗದಲ್ಲಿ ಚಾಚಾ ಅವರ ಲೇತ್ ಇದೆ. ಮಂಚದ ಕಾಲು, ಮೆಟ್ಟಿಲ ಕಟಾಂಜನದ ಗೂಟ, ಲಟ್ಟಣಿಗೆ, ಕಡಗೋಲು ಮಾಡಿಕೊಡುತ್ತಾರೆ. ವಯಸ್ಸು ಎಪ್ಪತ್ತರ ಹತ್ತಿರ. ಊರು ಚನ್ನಪಟ್ಟಣ.

ತಿರುಗುವ ಮರಕ್ಕೆ ಅವರು ಉಳಿ ತಾಗಿಸಿದರು. ಸುರುಳಿ ಸುರುಳಿಯಾಗಿ ಹೊಟ್ಟು ಹಾರಿತು. ಚೌಕದ ಕೋಲು ನನ್ನ ಕಣ್ಣೆದುರೇ ದುಂಡಗಾಯಿತು. ‘ಮರ ಕಡೆಯೋದು ಅಂದ್ರೆ ಇದೇ’ ಎಂದರು. ಮೊಸರು ಕಡೆಯುವುದು, ಮರ ಕಡೆಯುವುದು ಎರಡಕ್ಕೂ ಕನ್ನಡದಲ್ಲಿ ಒಂದೇ ಮಾತು. ಎರಡರಲ್ಲೂ ತಿರುಗುವುದೇ ಕೆಲಸ.

ಆಂಟಿಯ ಪೆನ್ನಿನ ವಿಷಯ ಹೇಳಿ, ‘ನಾನು ಕಲಿಯಬಹುದಾ ಚಾಚಾ?’ ಎಂದೆ. ಅವರು ನನ್ನ ಮುಖ ನೋಡಲಿಲ್ಲ, ದುಪಟ್ಟಾ ನೋಡಿದರು.

‘ನಾಳೆ ಬೆಳಿಗ್ಗೆ ಎಂಟೂವರೆಗೆ ಬಾ ಬೇಟಿ. ಇದನ್ನ ಮನೇಲಿ ಬಿಟ್ಟು ಬಾ. ಬಳೆನೂ ಬಿಚ್ಚಿಡು. ಕೂದಲು ಗಟ್ಟಿ ಕಟ್ಟು.’

ಬಳೆ ಅಂಗಡಿಯ ಹುಡುಗಿ ಬರಿಗೈಯಲ್ಲಿ ಹೋಗಬೇಕಾಯಿತು! ಆದರೆ ಇದು ಮೊದಲ ಪಾಠ ಮತ್ತು ಎಲ್ಲಕ್ಕಿಂತ ದೊಡ್ಡ ಪಾಠ. ನಿಮಿಷಕ್ಕೆ ಸಾವಿರ, ಎರಡು ಸಾವಿರ ಸುತ್ತು ತಿರುಗುವ ಲೇತ್‌ಗೆ ದುಪಟ್ಟಾದ ತುದಿ ಸಿಕ್ಕಿದರೆ ಬಿಡಿಸಿಕೊಳ್ಳುವಷ್ಟು ಹೊತ್ತು ಇರುವುದಿಲ್ಲ. ಸಡಿಲ ತೋಳು, ಕುತ್ತಿಗೆಯ ಸರ, ಐಡಿ ಕಾರ್ಡಿನ ದಾರ, ಯಾವುದೂ ಇರಬಾರದು. ಕೈಗೆ ಗ್ಲೌಸ್ ಹಾಕಿದರೆ ಸುರಕ್ಷಿತ ಅಂದುಕೊಂಡಿದ್ದೆ. ಅದು ತಪ್ಪು. ಬಟ್ಟೆ ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತದೆ. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಮಾತ್ರ ಬೇಕೇ ಬೇಕು.

ಪೆನ್ನಿನ ಒಳಗೆ ಏನಿದೆ?

ಮೊದಲ ವಾರ ಪೆನ್ನಿನ ಸುದ್ದಿಯೇ ಇಲ್ಲ. ಪ್ಯಾಕಿಂಗ್ ಮರದ ತುಂಡುಗಳನ್ನು ದುಂಡಗೆ ಮಾಡುವುದು, ಮತ್ತೆ ಸಣ್ಣ ಮಾಡುವುದು, ಕೊನೆಗೆ ಹೊಟ್ಟು ಗುಡಿಸುವುದು. ‘ಉಳಿಯ ಬೆನ್ನು ಮೊದಲು ಮರಕ್ಕೆ ತಾಗಬೇಕು. ಆಮೇಲೆ ಮೆಲ್ಲಗೆ ಬಾಯಿ. ನೀನು ಮೊದಲೇ ಬಾಯಿ ಹಾಕ್ತೀಯ’ ಎಂದು ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು.

ಪೆನ್ನು ಮಾಡುವುದು ಹೇಗೆ ಅಂತ ನನಗೆ ಗೊತ್ತಾದದ್ದು ನಂತರ. ಹೊಸಬರು ಪೆನ್ನಿನ ಎಲ್ಲ ಭಾಗವನ್ನೂ ಮಾಡುವುದಿಲ್ಲ. ಆನ್‌ಲೈನ್‌ನಲ್ಲಿ ಕಿಟ್ ಸಿಗುತ್ತದೆ. ಅದರಲ್ಲಿ ತುದಿ, ಕ್ಲಿಪ್, ನಡುವಿನ ಬಳೆ, ತಿರುಗಿಸಿದರೆ ರೀಫಿಲ್ ಹೊರಬರುವ ಯಂತ್ರ, ಮತ್ತು ಎರಡು ತೆಳು ಹಿತ್ತಾಳೆ ಕೊಳವೆ ಇರುತ್ತವೆ. ಹೊಸಬರು ಶುರು ಮಾಡುವ ‘ಸ್ಲಿಮ್‌ಲೈನ್’ ಕಿಟ್‌ಗೆ 7 ಮಿಲಿಮೀಟರ್ ಡ್ರಿಲ್ ಸಾಕು. ನಮ್ಮ ಕೆಲಸ ಮರದ್ದು. ಮುಕ್ಕಾಲು ಇಂಚು ಚೌಕ, ಐದು ಇಂಚು ಉದ್ದದ ತುಂಡನ್ನು ಎರಡು ಮಾಡಬೇಕು. ಒಂದೊಂದರ ನಟ್ಟನಡುವೆ ತೂತು ಕೊರೆದು ಹಿತ್ತಾಳೆ ಕೊಳವೆಯನ್ನು ಅಂಟಿಸಬೇಕು. ತುದಿಗಳನ್ನು ಕೊಳವೆಯ ಮಟ್ಟಕ್ಕೆ ಸಮ ಮಾಡಬೇಕು. ಆಮೇಲೆ ಎರಡನ್ನೂ ‘ಮ್ಯಾಂಡ್ರೆಲ್’ ಎಂಬ ಉಕ್ಕಿನ ಸಲಾಕೆಗೆ ಪೋಣಿಸಿ, ಅಕ್ಕಪಕ್ಕ ‘ಬುಷ್’ಗಳನ್ನು ಹಾಕಿ ಲೇತ್‌ಗೆ ಏರಿಸಬೇಕು. ಮರ ಎಷ್ಟು ಸಣ್ಣಗಾಗಬೇಕು ಎಂಬುದಕ್ಕೆ ಬುಷ್‌ನ ದಪ್ಪವೇ ಅಳತೆ.

ಐದು ಕಿಟ್, ಒಂದು ಮ್ಯಾಂಡ್ರೆಲ್ ತರಿಸಿದೆ. ಮೂರುವರೆ ಸಾವಿರ ಆಯಿತು. ನನ್ನ ಸಂಬಳಕ್ಕೆ ಅದು ಸಣ್ಣ ಮೊತ್ತವಲ್ಲ. ‘ಇಂಟರ್‌ವ್ಯೂಗೆ ಒಂದು ಒಳ್ಳೆ ಚಪ್ಪಲಿ ತಗೊಳೇ ಅಂದ್ರೆ ಕಬ್ಬಿಣದ ಸಲಾಕೆ ತರಿಸ್ತಾಳೆ’ ಎಂದು ಅಮ್ಮ ಎರಡು ದಿನ ಮಾತಾಡಲಿಲ್ಲ.

ಅದೂ ಸರಿಯಾಗಿ ಕೂರಲಿಲ್ಲ. ಲೇತ್‌ನ ತೂತಿಗೆ ಕೂರುವ ಚೂಪು ತುದಿಗೆ ‘ಮೋರ್ಸ್ ಟೇಪರ್’ ಅನ್ನುತ್ತಾರೆ. ಅದಕ್ಕೆ ನಂಬರ್ ಇದೆ ಅಂತ ನನಗೆ ತಿಳಿದಿರಲಿಲ್ಲ. ಲೇತ್‌ದು ಎರಡು, ನಾನು ತರಿಸಿದ್ದು ಒಂದು. ಅಳುವುದೊಂದು ಬಾಕಿ. ಚಾಚಾ ನಕ್ಕು, ‘ಎಸ್‌ಜೆಪಿ ರೋಡಿಗೆ ಹೋಗಿ ಸ್ಲೀವ್ ಕೇಳು’ ಎಂದರು. ಒಂದನ್ನು ಎರಡು ಮಾಡುವ ಆ ಉಕ್ಕಿನ ತೊಡುಗೆ ಅಲ್ಲಿ ಸಿಕ್ಕಿತು. ಚಿಕ್ಕ ವಸ್ತು, ಆದರೆ ಅದರ ಹೆಸರು ಗೊತ್ತಿರಬೇಕಿತ್ತು, ಅಷ್ಟೇ.

ಐದು ಒಡೆದವು

ಈಗ ನನ್ನ ನೋಟ್‌ಬುಕ್ಕಿನ ಇನ್ನೊಂದು ಪುಟ. ಅದೇ ನಾಲ್ಕು ಕಾಲಂ ಹಾಕಿದೆ. ಕಂಪನಿಯ ಜಾಗದಲ್ಲಿ ಮರದ ಹೆಸರು.

ಒಂದು, ತೇಗ. ತೂತು ಕೊರೆಯುವಾಗ ಫಳ್ ಅಂತ ಸೀಳಿತು. ಯಾಕೆ? ಒಂದೇ ಉಸಿರಿಗೆ ಡ್ರಿಲ್ ಒತ್ತಿದ್ದೆ. ಹೊಟ್ಟು ಹೊರಗೆ ಬರಲು ದಾರಿ ಇಲ್ಲದೆ ಒಳಗೇ ತುಂಬಿಕೊಂಡು ಬಿಸಿಯಾಗಿ, ಕೊನೆಯಲ್ಲಿ ಮರ ಬಾಯಿಬಿಟ್ಟಿತು. ಸ್ವಲ್ಪ ಕೊರೆದು, ಹೊರಗೆಳೆದು, ಹೊಟ್ಟು ಕೊಡವಿ ಮತ್ತೆ ಕೊರೆಯಬೇಕು. ಡ್ರಿಲ್ ಹೊರಬರುವ ತುದಿಯಲ್ಲಿ ಮರವನ್ನು ಸ್ವಲ್ಪ ಉದ್ದ ಬಿಟ್ಟುಕೊಂಡಿರಬೇಕು. ಸೀಳಿದರೂ ಕತ್ತರಿಸಿ ಹಾಕಬಹುದು.

ಎರಡು, ಮತ್ತೆ ತೇಗ. ದುಂಡಗಾಗುತ್ತಿದ್ದಾಗ ಒಂದು ಚೂರು ಹಾರಿ ಗೋಡೆಗೆ ಬಡಿಯಿತು. ಯಾಕೆ? ಹಾರಿದ ಚೂರಿನ ಒಳಮೈ ನೋಡಿದರೆ ಅರ್ಧ ಭಾಗದಲ್ಲಿ ಅಂಟೇ ಇರಲಿಲ್ಲ. ಹೊಸ ಹಿತ್ತಾಳೆ ನುಣುಪು, ಅಂಟು ಹಿಡಿಯುವುದಿಲ್ಲ. ಮೊದಲು ಸ್ಯಾಂಡ್ ಪೇಪರ್‌ನಲ್ಲಿ ಕೊಳವೆಯ ಮೈ ಒರಟು ಮಾಡಬೇಕು. ಅಂಟು ಸವರಿ ತೂರಿಸುವಾಗ ಕೊಳವೆಯನ್ನು ತಿರುಗಿಸುತ್ತಾ ಹೋಗಬೇಕು. ನಾನು ಸುಮ್ಮನೆ ನೂಕಿದ್ದೆ.

ಮೂರು, ಹೊನ್ನೆ. ‘ಟಪ್’ ಎಂಬ ಸದ್ದು, ಕೈಗೆ ಹೊಡೆತ, ಮರ ಚೂರು ಚೂರು. ಉಳಿ ಇಡುವ ಪಟ್ಟಿಗೂ ಮರಕ್ಕೂ ನಡುವೆ ಎರಡು ಬೆರಳಷ್ಟು ಜಾಗ ಬಿಟ್ಟಿದ್ದೆ. ಮರ ಸಣ್ಣಗಾದ ಹಾಗೆ ಲೇತ್ ನಿಲ್ಲಿಸಿ ಪಟ್ಟಿಯನ್ನು ಹತ್ತಿರಕ್ಕೆ ತರಬೇಕಿತ್ತು. ತರಲಿಲ್ಲ. ಉಳಿ ಕೆಳಕ್ಕೆ ಜಾರಿ ಮರವನ್ನು ಕಚ್ಚಿತು. ಅವತ್ತು ಕೈ ಅರ್ಧ ಗಂಟೆ ನಡುಗುತ್ತಿತ್ತು. ಚಾಚಾ ಚಹಾ ತರಿಸಿ, ‘ಮರ ಬೈಯೋದು ಹೀಗೇನೇ. ಬೈದು ಬಿಟ್ಟಿತು, ಮುಗೀತು’ ಎಂದರು.

ನಾಲ್ಕು, ಹೊನ್ನೆ. ಒಡೆಯಲಿಲ್ಲ! ಆದರೆ ಕಿಟ್‌ನ ತುದಿ ಸೇರಿಸಿ ನೋಡಿದರೆ ಒಂದು ಕಡೆ ಮರ ದಪ್ಪ, ಇನ್ನೊಂದು ಕಡೆ ಹಿತ್ತಾಳೆ ಕಾಣುವಷ್ಟು ತೆಳು. ಸಡಿಲವಾದೀತು ಎಂಬ ಭಯಕ್ಕೆ ಮ್ಯಾಂಡ್ರೆಲ್‌ನ ನಟ್ಟನ್ನು ಸ್ಪ್ಯಾನರ್ ಹಾಕಿ ಬಿಗಿದಿದ್ದೆ. ತೆಳು ಸಲಾಕೆ ಕೂದಲೆಳೆಯಷ್ಟು ಬಾಗಿತ್ತು. ಬೆರಳಲ್ಲಿ ಬಿಗಿದರೆ ಸಾಕು. ಭಯದಿಂದ ಬಿಗಿದದ್ದೇ ಅದನ್ನು ಕೆಡಿಸಿತು.

ಐದು, ತೇಗ. ಕಡೆದದ್ದು ಸರಿ, ಪಾಲಿಶ್ ಸರಿ. ಖುಷಿಯಲ್ಲಿ ಜೋಡಿಸುವಾಗ ರೀಫಿಲ್ ಯಂತ್ರವನ್ನು ಒಂದೇ ಸಲ ಪೂರ್ತಿ ಒತ್ತಿಬಿಟ್ಟೆ. ರೀಫಿಲ್‌ನ ಮೂತಿ ಒಳಗೆ ಹೋಗುವುದೇ ಇಲ್ಲ. ಸ್ವಲ್ಪ ಸ್ವಲ್ಪ ಒತ್ತಿ, ಪ್ರತಿ ಸಲ ರೀಫಿಲ್ ಹಾಕಿ ನೋಡಬೇಕು. ಒತ್ತಿದ್ದನ್ನು ಹಿಂದಕ್ಕೆ ತೆಗೆಯುವುದು ಕಷ್ಟ.

ಆ ರಾತ್ರಿ ಬಸ್ಸಿನಲ್ಲಿ ಕೂತು ಎರಡೂ ಪುಟಗಳನ್ನು ಅಕ್ಕಪಕ್ಕ ನೋಡಿದೆ. ಒಂದರಲ್ಲಿ ಹನ್ನೊಂದು ಸೋಲು, ಒಂದಕ್ಕೂ ಕಾರಣವಿಲ್ಲ. ಇನ್ನೊಂದರಲ್ಲಿ ಐದು ಸೋಲು, ಐದಕ್ಕೂ ಕಾರಣವಿದೆ. ಮೊದಲ ಪುಟ ನೋಡಿದಾಗ ಹೊಟ್ಟೆ ಹಿಂಡುತ್ತದೆ. ಎರಡನೆಯದು ನೋಡಿದಾಗ ನಾಳೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಹೋಗಲಿ ಅನ್ನಿಸುತ್ತದೆ. ಸೋಲು ಸೋಲೇ, ಆದರೆ ಕಾರಣ ಗೊತ್ತಿರುವ ಸೋಲು ಮನುಷ್ಯರನ್ನು ಕುಗ್ಗಿಸುವುದಿಲ್ಲ ಅಂತ ನನಗೆ ಗೊತ್ತಾದದ್ದು ಅವತ್ತು.

ಚನ್ನಪಟ್ಟಣದ ಬಸ್ಸು

ಉಳಿದಿದ್ದದ್ದು ಒಂದೇ ಕಿಟ್. ‘ಅದನ್ನ ಮುಟ್ಟಬೇಡ. ಒಂದು ದಿನ ರಜ ಹಾಕಿ ನಮ್ಮೂರಿಗೆ ಹೋಗಿ ಬಾ’ ಎಂದು ಚಾಚಾ ತಮ್ಮ ಸಂಬಂಧಿಕರ ಕಾರ್ಖಾನೆಯ ದಾರಿ ಹೇಳಿದರು. ಸ್ಯಾಟಲೈಟ್ ಬಸ್ ನಿಲ್ದಾಣದಿಂದ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್‌ನಲ್ಲಿ ಹೊರಟೆ. ಮೈಸೂರು ದಾರಿಯಲ್ಲಿ ಸುಮಾರು 60 ಕಿಲೋಮೀಟರ್.

ಚನ್ನಪಟ್ಟಣದ ಗೊಂಬೆ ನಮಗೆಲ್ಲ ಗೊತ್ತು. ಟಿಪ್ಪು ಸುಲ್ತಾನ್ ಪರ್ಷಿಯಾದಿಂದ ಕುಶಲಕರ್ಮಿಗಳನ್ನು ಕರೆಸಿದನೆಂಬ ಮಾತನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ. ಈ ಕಸುಬನ್ನು ಬೆಳೆಸಿದ ಬಾವಾಸ್ ಮಿಯಾನ್ ಅವರನ್ನು ಚನ್ನಪಟ್ಟಣ ಗೊಂಬೆಗಳ ಪಿತಾಮಹ ಎನ್ನುತ್ತಾರೆ. 2005-06ರಲ್ಲಿ ಇದಕ್ಕೆ ಜಿಐ ಮಾನ್ಯತೆಯೂ ಸಿಕ್ಕಿದೆ. ನನಗೆ ಹೊಳೆದಿರದ ಸಂಗತಿ ಎಂದರೆ, ಆ ಗೊಂಬೆ, ಆ ಬಳೆ, ಆ ಬುಗುರಿ ಎಲ್ಲ ಹುಟ್ಟುವುದು ಲೇತ್ ಮೇಲೆ. ನಾನು ಎಲ್ಲೋ ಹೊರದೇಶದ ಹವ್ಯಾಸ ಅಂದುಕೊಂಡದ್ದು ಒಂದೂವರೆ ಗಂಟೆಯ ದೂರದಲ್ಲಿ ಊರಿಗೆ ಊರೇ ಮಾಡುವ ಕೆಲಸ.

ಅಲ್ಲಿ ನನಗಿಂತ ಹತ್ತು ವರ್ಷ ದೊಡ್ಡ ಅಕ್ಕ ಒಬ್ಬರು ಲೇತ್ ಮುಂದೆ ಕೂತಿದ್ದರು. ಹಾಲೆ ಮರದ ತುಂಡು, ಬಣ್ಣ ಬಿಳಿಗೆ ಹತ್ತಿರ, ಎಳೆ ಕಾಣದಷ್ಟು ನಯ. ಕಡೆದು ಮುಗಿಸಿ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಬೆಂಕಿ ಇಲ್ಲ, ಬ್ರಷ್ ಇಲ್ಲ. ಉಜ್ಜುವ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ಒಣಗಿದ ತಾಳೆಗರಿ ಹಿಡಿದರು. ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯಿತು. ಹಳದಿಗೆ ಅರಿಸಿನ ಬೆರೆಸುತ್ತಾರಂತೆ. ಪಾಲಿಶ್ ಡಬ್ಬಿಗೆ ನಾನು ಕೊಟ್ಟ ದುಡ್ಡು ನೆನಪಾಯಿತು.

‘ಕಲಿಯೋಕೆ ಎಷ್ಟು ದಿನ ಬೇಕಾಯ್ತು ಅಕ್ಕ?’

‘ಉಳಿ ಹಿಡಿಯೋಕೆ ಮೂರು ತಿಂಗಳು. ಕೈಗೆ ಬುದ್ಧಿ ಬರೋಕೆ ಎರಡು ವರ್ಷ’ ಎಂದರು, ಕಣ್ಣು ತೆಗೆಯದೆ.

ಹಾಲೆ ಮರದ ನಾಲ್ಕು ತುಂಡು, ಕೆಂಪು, ಹಳದಿ ಅರಗಿನ ಎರಡು ಕಡ್ಡಿ, ಒಂದು ಹಿಡಿ ತಾಳೆಗರಿ ಕಟ್ಟಿಕೊಟ್ಟರು. ಮರಕ್ಕೆ ಮಾತ್ರ ದುಡ್ಡು ತೆಗೆದುಕೊಂಡರು.

ಪೆನ್ನಿನ ಬಗ್ಗೆ ಇನ್ನೊಂದು ಕಥೆ ಓದಿದ್ದು ಆ ವಾರವೇ. ಆಂಧ್ರದ ರಾಜಮಹೇಂದ್ರಿಯಲ್ಲಿ ಕೆ.ವಿ. ರತ್ನಂ 1930ರ ದಶಕದಲ್ಲಿ ಸ್ವದೇಶಿ ಫೌಂಟನ್ ಪೆನ್ನು ತಯಾರಿಸಿ ಗಾಂಧೀಜಿಗೆ ಕಳಿಸಿದ್ದರು. 1935ರಲ್ಲಿ ಗಾಂಧೀಜಿ ಮೆಚ್ಚಿ ಪತ್ರ ಬರೆದರು. ಅಂಥ ಪೆನ್ನುಗಳನ್ನು ಎಬೊನೈಟ್, ಅಂದರೆ ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರಿನ ಕೋಲಿನಿಂದ ಕೈಯಲ್ಲೇ ಕಡೆಯುತ್ತಾರೆ. ಅವರಿಗೆ ಕಿಟ್ಟೂ ಇಲ್ಲ, ಮುಚ್ಚಳದ ತಿರುಪನ್ನೂ ತಾವೇ ಕೊರೆಯಬೇಕು. ನಾನು ಏರಿದ್ದು ಮೊದಲ ಮೆಟ್ಟಿಲು ಮಾತ್ರ ಅಂತ ಅರ್ಥವಾಯಿತು.

ಆರನೆಯದು

ಆರನೆಯ ಪೆನ್ನಿಗೆ ಮೂರು ಬೆಳಿಗ್ಗೆ ತೆಗೆದುಕೊಂಡೆ. ಮೊದಲ ದಿನ ತೂತು, ಅಂಟು. ಎರಡನೇ ದಿನ ಕಡೆಯುವುದು. ಬುಷ್‌ಗಿಂತ ಕೂದಲೆಳೆ ದಪ್ಪ ಇರುವಾಗಲೇ ಉಳಿ ಕೆಳಗಿಟ್ಟು ಸ್ಯಾಂಡ್ ಪೇಪರ್ ಹಿಡಿದೆ. ಚಾಚಾ ಅದನ್ನು ಉಪ್ಪುಕಾಗದ ಅನ್ನುತ್ತಾರೆ. 150ರಿಂದ ಶುರು ಮಾಡಿ 240, 400, 600. ಒಂದನ್ನು ಬಿಟ್ಟರೂ ಹಿಂದಿನದರ ಗೀರು ಉಳಿಯುತ್ತದೆ, ಪಾಲಿಶ್ ಹಾಕಿದ ಮೇಲೇ ಕಾಣುತ್ತದೆ. ಕೊನೆಗೆ ಲೇತ್ ನಿಲ್ಲಿಸಿ ಮರದ ಎಳೆಯ ಉದ್ದಕ್ಕೆ ಕೈಯಲ್ಲಿ ಉಜ್ಜಬೇಕು. ಆಮೇಲೆ ಕೆಂಪು ಅರಗು. ಒಂದೇ ಕಡೆ ಒತ್ತಿ ನಿಂತರೆ ಬಿಸಿಗೆ ಒಳಗಿನ ಅಂಟು ಸಡಿಲವಾದೀತೆಂದು ಕಡ್ಡಿಯನ್ನು ಆಚೀಚೆ ಆಡಿಸುತ್ತಲೇ ಇದ್ದೆ. ಮೂರನೇ ದಿನ ಜೋಡಣೆ. ಸ್ವಲ್ಪ ಒತ್ತಿ, ನೋಡಿ, ಮತ್ತೆ ಸ್ವಲ್ಪ.

ತಿರುಗಿಸಿದೆ. ಮೂತಿ ಹೊರಬಂತು. ಹಿಂದಕ್ಕೆ ತಿರುಗಿಸಿದೆ. ಒಳಗೆ ಹೋಯಿತು. ಚಾಚಾ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಜಾಗ ತೋರಿಸಿ, ‘ಇಲ್ಲಿ ಅರಗು ತೆಳು’ ಎಂದರು. ನಂತರ ತಮ್ಮ ಅಂಗಡಿಯ ಬಿಲ್ ಪುಸ್ತಕ ಎಳೆದುಕೊಂಡು ಉರ್ದುವಿನಲ್ಲಿ ತಮ್ಮ ಹೆಸರು ಬರೆದು ನೋಡಿದರು. ಅದೇ ಸರ್ಟಿಫಿಕೇಟು.

ದುಡ್ಡಿನ ವಿಷಯ ಮುಚ್ಚಿಡುವುದಿಲ್ಲ. ಆಮೇಲೆ ಇನ್ನೂ ಕಿಟ್ ತರಿಸಿ ಇದುವರೆಗೆ ಒಂಬತ್ತು ಪೆನ್ನು ಮಾಡಿದ್ದೇನೆ. ಮೂರು ಮಾರಾಟವಾಗಿವೆ, ತಲಾ 600 ರೂಪಾಯಿ. ಒಂದನ್ನು ನಮ್ಮ ಓನರ್ ಕೊಂಡರು. ಕಿಟ್‌ಗೆ 300, ಲೇತ್‌ನ ಕರೆಂಟಿಗೆ ಅಂತ ಚಾಚಾ ಕೈಗೆ ಬಲವಂತದಿಂದ 50 ಇಟ್ಟರೆ, ಎರಡೂವರೆ ಗಂಟೆಯ ಕೆಲಸಕ್ಕೆ 250 ಉಳಿಯುತ್ತದೆ. ಒಂದು ಒಡೆದರೆ ಅದೂ ಇಲ್ಲ. ‘ಸ್ಟಾರ್ಟಪ್ ಮಾಡು’ ಅನ್ನುವ ಸ್ನೇಹಿತರಿಗೆ ಈ ಲೆಕ್ಕ ತೋರಿಸುತ್ತೇನೆ. ಇದರಿಂದ ಮನೆ ನಡೆಯುತ್ತದೆ ಎಂದು ನಾನು ಹೇಳಲಾರೆ.

ಹನ್ನೆರಡನೇ ಸಾಲು

ಆದರೆ ಒಂದು ಕೆಲಸ ಮಾಡಿದೆ. ಕಳೆದ ತಿಂಗಳು ಹನ್ನೆರಡನೇ ಇಂಟರ್‌ವ್ಯೂಗೆ ಹೋದೆ. ಅಲ್ಲೂ ಆಗಲಿಲ್ಲ. ಮೊದಲಾಗಿದ್ದರೆ ‘ಇಲ್ಲ’ ಅಂತ ಬರೆದು ಪುಸ್ತಕ ಮುಚ್ಚುತ್ತಿದ್ದೆ. ಈ ಸಲ ಇಂಟರ್‌ವ್ಯೂ ಮಾಡಿದ ಮೇಡಂಗೆ ಒಂದು ಮೇಲ್ ಹಾಕಿದೆ. ‘ನನ್ನನ್ನು ಯಾಕೆ ಆಯ್ಕೆ ಮಾಡಲಿಲ್ಲ ಎಂದು ಒಂದು ಸಾಲು ತಿಳಿಸಿದರೆ ಮುಂದಿನ ಸಲ ತಿದ್ದಿಕೊಳ್ಳುತ್ತೇನೆ’ ಎಂದಷ್ಟೇ ಬರೆದೆ. ಕಳಿಸುವ ಮೊದಲು ಹತ್ತು ನಿಮಿಷ ಕೈ ನಡುಗಿತು, ಮೂರನೇ ಪೆನ್ನು ಒಡೆದ ದಿನದ ಹಾಗೆ.

ನಾಲ್ಕನೇ ದಿನ ಉತ್ತರ ಬಂತು. ಎರಡೇ ಸಾಲು. ಮಾತು, ವಿಷಯ ಎರಡೂ ಚೆನ್ನಾಗಿತ್ತು. ಎಕ್ಸೆಲ್ ಪರೀಕ್ಷೆಯಲ್ಲಿ ಪಿವೋಟ್ ಟೇಬಲ್ ಮಾಡಲು ಬರಲಿಲ್ಲ, ಕೊನೆಯ ಎರಡು ಪ್ರಶ್ನೆ ಮುಟ್ಟಲಿಲ್ಲ.

ಅಷ್ಟೇ! ನನ್ನ ಇಂಗ್ಲಿಷ್ ಅಲ್ಲ, ಬಟ್ಟೆ ಅಲ್ಲ, ಕಾಲೇಜು ಅಲ್ಲ. ಪಿವೋಟ್ ಟೇಬಲ್. ಅದು ಮೋರ್ಸ್ ಟೇಪರ್‌ನ ನಂಬರಿನ ಹಾಗೆ, ಗೊತ್ತಿರಲಿಲ್ಲ, ಕಲಿತರೆ ಗೊತ್ತಾಗುತ್ತದೆ. ಹಿಂದಿನ ಹನ್ನೊಂದು ಕಂಪನಿಗಳಲ್ಲಿ ನಾಲ್ಕಕ್ಕೆ ಹೀಗೇ ಬರೆದೆ. ಮೂರರಿಂದ ಉತ್ತರ ಬರಲಿಲ್ಲ. ಒಂದು ಕಡೆಯಿಂದ ಬಂತು, ‘ಆ ಹುದ್ದೆಯೇ ರದ್ದಾಯಿತು.’ ಎಂಟು ತಿಂಗಳು ನಾನು ನನ್ನನ್ನೇ ಬೈದುಕೊಂಡಿದ್ದ ಸೋಲಿನಲ್ಲಿ ನನ್ನ ತಪ್ಪೇ ಇರಲಿಲ್ಲ.

ಈಗ ಬೆಳಿಗ್ಗೆ ಎಂಟೂವರೆಯಿಂದ ಹತ್ತರವರೆಗೆ ವಾರದಲ್ಲಿ ಮೂರು ದಿನ ಲೇತ್, ಮೂರು ದಿನ ಎಕ್ಸೆಲ್. ಭಾನುವಾರ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಮುಂದಿನ ಸೋಮವಾರ ಹದಿಮೂರನೇ ಇಂಟರ್‌ವ್ಯೂ. ಅಮ್ಮ ಕೊನೆಗೂ ಚಪ್ಪಲಿ ಕೊಡಿಸಿದ್ದಾಳೆ. ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆಗದಿದ್ದರೆ ನಾಲ್ಕನೇ ಕಾಲಂಗೆ ಏನು ಬರೆಯಬೇಕು ಅಂತ ಕೇಳಿಕೊಂಡೇ ಬರುತ್ತೇನೆ, ಕೆಂಪು ಅರಗಿನ ಪೆನ್ನು ಕೈಯಲ್ಲೇ ಇರುತ್ತದೆ.

ಶುರು ಮಾಡುವವರಿಗೆ

• ಮೊದಲೇ ಲೇತ್ ಕೊಳ್ಳಬೇಡಿ. ನಿಮ್ಮ ಊರಿನಲ್ಲಿ ಮಂಚದ ಕಾಲು, ಲಟ್ಟಣಿಗೆ ಕಡೆಯುವವರು ಯಾರಿದ್ದಾರೆಂದು ಹುಡುಕಿ. ಹತ್ತು ದಿನ ನಿಂತು ನೋಡಿ. ಕ್ರಮಬದ್ಧವಾಗಿ ಮರಗೆಲಸ ಕಲಿಯುವ ಆಸೆ ಇದ್ದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಲ್ಲಿ ತರಬೇತಿ ಕೇಂದ್ರವಿದೆ.

• ಕಿಟ್, ಬುಷ್, ಡ್ರಿಲ್ ಮೂರೂ ಒಂದಕ್ಕೊಂದು ಹೊಂದಬೇಕು. ಮ್ಯಾಂಡ್ರೆಲ್ ತರಿಸುವ ಮೊದಲು ಲೇತ್‌ನ ಟೇಪರ್ ನಂಬರ್ ಕೇಳಿ.

• ಮರಕ್ಕೆ ದುಡ್ಡು ಹಾಕಬೇಡಿ. ಫರ್ನಿಚರ್ ಅಂಗಡಿಯವರು ಬಿಸಾಡುವ ತೇಗದ ತುಂಡು ಸಾಕು. ಅದು ಚೆನ್ನಾಗಿ ಒಣಗಿರಬೇಕು, ಹಸಿ ಮರ ಆಮೇಲೆ ಬಿರಿಯುತ್ತದೆ. ಶ್ರೀಗಂಧದ ತುಂಡು ಯಾರಾದರೂ ಅಗ್ಗಕ್ಕೆ ಕೊಟ್ಟರೆ ಬೇಡ ಅನ್ನಿ, ಅದಕ್ಕೆ ಕಾನೂನಿದೆ.

• ಬೀಟೆಯಂಥ ಮರಗಳ ಧೂಳು ಮೂಗು, ಗಂಟಲಿಗೆ ಒಳ್ಳೆಯದಲ್ಲ. ಮಾಸ್ಕ್ ಮರೆಯಬೇಡಿ. ಉಳಿ ಇಡುವ ಪಟ್ಟಿ ಸರಿಸುವಾಗ, ಅಳತೆ ನೋಡುವಾಗ ಲೇತ್ ಪೂರ್ತಿ ನಿಂತಿರಲಿ.

• ಮೊಂಡಾದ ಉಳಿಯೇ ಹೆಚ್ಚು ಅಪಾಯ. ಸಾಣೆ ಹಿಡಿಯುವುದನ್ನು ಮೊದಲ ವಾರವೇ ಕಲಿಯಿರಿ.

• ಒಡೆದ ತುಂಡುಗಳನ್ನು ಎಸೆಯಬೇಡಿ. ಒಂದು ಡಬ್ಬಿಯಲ್ಲಿ ಹಾಕಿ, ಯಾಕೆ ಒಡೆಯಿತೆಂದು ಚೀಟಿ ಅಂಟಿಸಿಡಿ. ನನ್ನ ಡಬ್ಬಿ ಚಾಚಾ ಅಂಗಡಿಯ ಕಿಟಕಿಯಲ್ಲಿದೆ. ಹೊಸದಾಗಿ ಕಲಿಯಲು ಬಂದ ಪಿಯುಸಿ ಹುಡುಗನೊಬ್ಬ ಮೊನ್ನೆ ಅದನ್ನು ತೆಗೆದು ಒಂದೊಂದೇ ಓದುತ್ತಿದ್ದ.